ಸೋದರಮಾವ ಕೊಟ್ಟ ಕುಂಚ
ಕಿಳಿಮಾನೂರಿನ ಮನೆತನದಲ್ಲಿ ಮೊಳೆತು, ಕೊಲ್ಲೂರಿನ ಹರಕೆ ಹೊತ್ತು, ಮೈಸೂರಿನ ಅರಮನೆಯನ್ನು ಬೆಳಗಿ, ಇಂದು ಬೆಂಗಳೂರಿನಲ್ಲಿ ಉಸಿರಾಡುತ್ತಿರುವ ರಾಜಾ ರವಿವರ್ಮರ ಕಲಾಪರಂಪರೆ

ಕೆಂಪು ಸೀರೆ ಉಟ್ಟು ಕಮಲದ ಮೇಲೆ ನಿಂತ ಲಕ್ಷ್ಮಿ. ಪಕ್ಕದಲ್ಲಿ ಸೊಂಡಿಲಿನಿಂದ ಹೂಮಾಲೆ ಎತ್ತಿ ಹಿಡಿದ ಆನೆ. ಕೊಳದಲ್ಲಿ ತೇಲುವ ಹಂಸಗಳು. ಬಂಡೆಯ ಮೇಲೆ ಕುಳಿತು ವೀಣೆ ಮೀಟುವ ಬಿಳಿ ಸೀರೆಯ ಸರಸ್ವತಿ. ಆಕೆಯ ಬದಿಯಲ್ಲೊಂದು ನವಿಲು. ಭಾರತದ ಕೋಟ್ಯಂತರ ಮನೆಗಳಲ್ಲಿ ಕಣ್ಣು ಮುಚ್ಚಿ ಕೈಮುಗಿದವರ ಮನಃಪಟಲದಲ್ಲಿ ಮೂಡುವ ದೇವಿಯರ ರೂಪ ಬಹುಪಾಲು ಇದೇ. ದೇವರ ಕೋಣೆಯ ಪಟ, ಅಂಗಡಿಯ ಕ್ಯಾಲೆಂಡರು, ಬೆಂಕಿಪೊಟ್ಟಣದ ಲೇಬಲ್, ಮದುವೆಯ ಕರೆಯೋಲೆ ಹೀಗೆ ಎಲ್ಲೆಡೆ ಹರಡಿಕೊಂಡ ಈ ರೂಪಗಳ ಮೂಲವನ್ನು ಹುಡುಕುತ್ತ ಹೋದರೆ ಸಿಗುವ ಹೆಸರು ರಾಜಾ ರವಿವರ್ಮ. ಒಬ್ಬ ಚಿತ್ರಕಾರನ ಕಲ್ಪನೆ ಒಂದು ಇಡೀ ಉಪಖಂಡದ ಭಕ್ತಿಗೆ ಮುಖ ಕೊಟ್ಟ ಇಂಥ ನಿದರ್ಶನ ಕಲಾಚರಿತ್ರೆಯಲ್ಲಿ ಅತಿ ವಿರಳ.

ಈ ಮಹಾಪ್ರವಾಹದ ಉಗಮಸ್ಥಾನವನ್ನು ಅರಸಿದರೆ ಯಾವುದೇ ಕಲಾಶಾಲೆಯಾಗಲಿ ವಿದೇಶಿ ಗುರುವಾಗಲಿ ಮೊದಲಿಗೆ ಎದುರಾಗುವುದಿಲ್ಲ. ಅಲ್ಲಿರುವವರು ಒಬ್ಬ ಸೋದರಮಾವ. ರವಿವರ್ಮರ ಕೀರ್ತಿಯ ಕಥೆಯನ್ನು ನೂರಾರು ಲೇಖಕರು ಬರೆದಿದ್ದಾರೆ. ಆ ಕೀರ್ತಿಯ ಹಿಂದೆ ಮಾವನಿಂದ ಅಳಿಯನಿಗೆ, ಅಣ್ಣನಿಂದ ತಮ್ಮ ತಂಗಿಯರಿಗೆ, ತಂದೆಯಿಂದ ಮಗನಿಗೆ, ಮುಂದೆ ಮೊಮ್ಮಗಳ ಮೊಮ್ಮಗಳವರೆಗೂ ಹರಿದುಬಂದ ಒಂದು ಕಲಾನುರಾಗದ ವಂಶಾವಳಿಯಿದೆ. ಅದರ ಒಂದು ಕವಲು ಕನ್ನಡ ನೆಲವನ್ನೂ ತೋಯಿಸಿದೆ.

ಕಿಳಿಮಾನೂರಿನ ಗೋಡೆಗಳು

ತಿರುವನಂತಪುರದಿಂದ ಉತ್ತರಕ್ಕೆ, ಹಸಿರು ಹೊದ್ದ ಒಳನಾಡಿನಲ್ಲಿ ಕಿಳಿಮಾನೂರು ಇದೆ. ಅಲ್ಲಿನ ಕೋವಿಲಕಂ, ಅಂದರೆ ತಿರುವಾಂಕೂರು ರಾಜಮನೆತನದೊಂದಿಗೆ ವೈವಾಹಿಕ ನಂಟು ಹೊಂದಿದ್ದ ಕ್ಷತ್ರಿಯ ಮನೆತನದ ಅರಮನೆಯಲ್ಲಿ, 1848ರ ಏಪ್ರಿಲ್ 29ರಂದು ರವಿವರ್ಮ ಜನಿಸಿದರು. ತಂದೆ ಏಳುಮಾವಿಲ್ ನೀಲಕಂಠನ್ ಭಟ್ಟತಿರಿಪ್ಪಾಡ್ ಸಂಸ್ಕೃತ ವಿದ್ವಾಂಸರು. ತಾಯಿ ಉಮಾಂಬಾ ಬಾಯಿ ಕವಯಿತ್ರಿ. ಆಕೆ ರಚಿಸಿದ 'ಪಾರ್ವತೀ ಸ್ವಯಂವರಂ' ಎಂಬ ತುಳ್ಳಲ್ ಕೃತಿಯನ್ನು ಆಕೆಯ ಮರಣಾನಂತರ ಮಗನೇ ಪ್ರಕಟಿಸಿದರು. ಸಂಗೀತ, ಕಥಕಳಿ, ಪುರಾಣ ಪಾರಾಯಣಗಳು ನಿತ್ಯದ ಊಟ ಉಪಚಾರದಷ್ಟೇ ಸಹಜವಾಗಿದ್ದ ಮನೆ ಅದು.

ಆ ಮನೆಯ ಹಿರಿಯರಲ್ಲಿ ಒಬ್ಬರು ರಾಜರಾಜವರ್ಮ, ತಾಯಿಯ ಸೋದರ. ತಿರುವಾಂಕೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದ ಮಧುರೆಯ ಅಳಗಿರಿ ನಾಯ್ಡು ಅವರ ಶಿಷ್ಯರಾಗಿ, ತಂಜಾವೂರು ಪದ್ಧತಿಯಲ್ಲಿ ಕೈಪಳಗಿದ್ದ ಚಿತ್ರಕಾರರು ಅವರು. ಪುಟ್ಟ ಅಳಿಯ ಇದ್ದಿಲಿನ ಚೂರು ಹಿಡಿದು ಅರಮನೆಯ ಸುಣ್ಣದ ಗೋಡೆಗಳ ಮೇಲೆಲ್ಲ ಪ್ರಾಣಿಪಕ್ಷಿಗಳನ್ನೂ ನಿತ್ಯದ ದೃಶ್ಯಗಳನ್ನೂ ಗೀಚಿಡುತ್ತಿದ್ದ. ಗೋಡೆ ಹಾಳಾಯಿತೆಂದು ಗದರಿಸುವುದು ಎಲ್ಲ ಮನೆಗಳ ರೂಢಿ. ಮಾವ ಆ ಗೆರೆಗಳ ಮುಂದೆ ನಿಂತು ನೋಡಿದರು, ನೋಡಿ ಗುರುತಿಸಿದರು. ಮಾವ ಅರ್ಧಕ್ಕೆ ಬಿಟ್ಟು ಎದ್ದುಹೋಗಿದ್ದ ಚಿತ್ರವೊಂದನ್ನು ಅವರು ಮರಳುವಷ್ಟರಲ್ಲಿ ಬಾಲಕ ಪೂರ್ಣಗೊಳಿಸಿದ್ದನೆಂದೂ, ಬೈಗುಳ ನಿರೀಕ್ಷಿಸಿದ್ದ ಅವನಿಗೆ ಪಾಠವೇ ದೊರೆಯಿತೆಂದೂ ಒಂದು ಪ್ರತೀತಿ ಆ ಮನೆತನದ ಸುತ್ತ ಬೆಳೆದುಬಂದಿದೆ.

ಪಾಠ ಆರಂಭವಾದದ್ದು ಬಣ್ಣ ತಯಾರಿಕೆಯಿಂದ. ಅಂಗಡಿಯಲ್ಲಿ ಬಣ್ಣದ ಟ್ಯೂಬು ಸಿಗುವ ಕಾಲ ಅದಾಗಿರಲಿಲ್ಲ. ಮಣ್ಣು, ಎಲೆ, ಹೂವು, ಮರದ ತೊಗಟೆಗಳಿಂದ ಬಣ್ಣ ತೆಗೆಯಬೇಕು. ಅರೆಯಬೇಕು, ಸೋಸಬೇಕು, ಹದ ನೋಡಬೇಕು. ಕುಂಚ ಹಿಡಿಯುವ ಮೊದಲೇ ಬಣ್ಣದ ಗುಣಸ್ವಭಾವ ಬೆರಳುಗಳಿಗೆ ತಿಳಿದಿರಬೇಕೆಂಬ ಈ ಶಿಸ್ತು ರವಿವರ್ಮರಿಗೆ ಜೀವನವಿಡೀ ಒದಗಿಬಂತು. ಮುಂದೆ ಯುರೋಪಿನ ತೈಲವರ್ಣವನ್ನು ಅವರು ಬಹುಮಟ್ಟಿಗೆ ಸ್ವಂತ ಸಾಹಸದಿಂದ ಒಲಿಸಿಕೊಂಡರು. ಅದಕ್ಕೆ ಬೇಕಾದ ತಾಳ್ಮೆಯ ಅಡಿಪಾಯ ಬಿದ್ದದ್ದು ಕಿಳಿಮಾನೂರಿನ ಈ ಬಣ್ಣದ ಬಟ್ಟಲುಗಳಲ್ಲಿ.

ಮಾವನ ಎರಡನೆಯ ಉಪಕಾರ ಇನ್ನೂ ಹಿರಿದು. 1862ರಲ್ಲಿ, ಹುಡುಗನಿಗೆ ಹದಿನಾಲ್ಕು ವರ್ಷವಾದಾಗ, ಅವರು ಅವನನ್ನು ತಿರುವನಂತಪುರಕ್ಕೆ ಕರೆದೊಯ್ದು ಮಹಾರಾಜ ಆಯಿಲ್ಯಂ ತಿರುನಾಳರ ಎದುರು ನಿಲ್ಲಿಸಿದರು. ತಾನು ಕಲಿಸಬಲ್ಲದ್ದರ ಎಲ್ಲೆ ಎಲ್ಲಿದೆಯೆಂದು ಅರಿತು, ಅದರಾಚೆಗಿನ ಬಾಗಿಲನ್ನು ತೆರೆದುಕೊಡುವ ಗುರು ಅಪರೂಪ. ಮಹಾರಾಜರ ಆಶ್ರಯದಲ್ಲಿ ಅರಮನೆಯ ಚಿತ್ರಸಂಗ್ರಹವೂ ಗ್ರಂಥಗಳೂ ಬಾಲಕನಿಗೆ ತೆರೆದುಕೊಂಡವು.

ಆಸ್ತಿಯ ದಾರಿ, ಕಲೆಯ ದಾರಿ

ಸೋದರಮಾವನೇ ಇಲ್ಲಿ ಕೇಂದ್ರಪುರುಷನಾದದ್ದು ಕಾಕತಾಳೀಯವಲ್ಲ. ಅಂದಿನ ಕೇರಳದ ಬಹುತೇಕ ಕ್ಷತ್ರಿಯ ಮತ್ತು ನಾಯರ್ ಮನೆತನಗಳಲ್ಲಿ ಮರುಮಕ್ಕತ್ತಾಯಂ ಜಾರಿಯಲ್ಲಿತ್ತು. ತುಳುನಾಡಿನ ಅಳಿಯಸಂತಾನ ಕಟ್ಟನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವಲ್ಲ: ವಂಶ ತಾಯಿಯ ಕಡೆಯಿಂದ ಸಾಗುತ್ತದೆ, ಮನೆಯ ಯಜಮಾನಿಕೆ ಸೋದರಮಾವನದು, ಉತ್ತರಾಧಿಕಾರ ಸೋದರಳಿಯನದು. ಮಕ್ಕಳು ತಾಯಿಯ ಮನೆಯಲ್ಲಿ, ಮಾವನ ಕಣ್ಣಿನಡಿ ಬೆಳೆಯುತ್ತಿದ್ದರು. ಹೀಗಾಗಿ ರಾಜರಾಜವರ್ಮರ ಕಲೆ ರವಿವರ್ಮರಿಗೆ ಸಂದದ್ದು ಆ ಕಾಲದ ಕಟ್ಟಳೆಗೆ ಸಂಪೂರ್ಣ ಅನುಗುಣವಾಗಿಯೇ ಇತ್ತು.

ವಿಸ್ಮಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಭೂಮಿ, ಪದವಿ, ಒಡವೆಗಳು ಕಟ್ಟಳೆ ಹಾಕಿಕೊಟ್ಟ ದಾರಿಯಲ್ಲೇ ನಡೆದವು. ಕಲೆಯ ಮೇಲಿನ ಪ್ರೀತಿ ಮಾತ್ರ ಆ ದಾರಿಗೆ ಕಟ್ಟುಬೀಳದೆ ತಮ್ಮ, ತಂಗಿ, ಮಗ, ಮೊಮ್ಮಗಳೆನ್ನದೆ ಎಲ್ಲ ದಿಕ್ಕಿಗೂ ಹರಿಯಿತು. ಪಾಲು ಮಾಡಿದಷ್ಟೂ ಹೆಚ್ಚಾಗುವ ಆಸ್ತಿ ಅದೊಂದೇ ಎಂಬುದಕ್ಕೆ ಕಿಳಿಮಾನೂರಿಗಿಂತ ಉಜ್ವಲವಾದ ಸಾಕ್ಷಿ ದೊರೆಯಲಾರದು.

ಕೊಲ್ಲೂರಿನ ನಲವತ್ತೊಂದು ದಿನ

1868ರಲ್ಲಿ ಡೆನ್ಮಾರ್ಕ್ ಮೂಲದ ಭಾವಚಿತ್ರಕಾರ ಥಿಯೋಡೋರ್ ಜೆನ್ಸನ್ ತಿರುವನಂತಪುರಕ್ಕೆ ಬಂದರು. ತಾವು ಚಿತ್ರಿಸುವಾಗ ದೂರ ನಿಂತು ನೋಡಲು ಯುವಕ ರವಿವರ್ಮರಿಗೆ ಅವರು ಒಪ್ಪಿಗೆ ಕೊಟ್ಟರೇ ವಿನಾ ಕ್ರಮಬದ್ಧವಾಗಿ ಪಾಠ ಹೇಳಲಿಲ್ಲ. ತೈಲವರ್ಣ ಬಲ್ಲ ಆಸ್ಥಾನ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಗುಟ್ಟು ಬಿಟ್ಟುಕೊಡಲೊಪ್ಪದಿದ್ದಾಗ ಅವರ ಶಿಷ್ಯ ಆರುಮುಗಂ ಪಿಳ್ಳೈ ಗೋಪ್ಯವಾಗಿ ನೆರವಾದರೆಂದು ಜೀವನಚರಿತ್ರೆಗಳು ಹೇಳುತ್ತವೆ. ಕಂಡದ್ದನ್ನು ರಾತ್ರಿ ಮರುಪ್ರಯೋಗ ಮಾಡುತ್ತ, ಕೆಡಿಸುತ್ತ, ತಿದ್ದುತ್ತ ರವಿವರ್ಮರು ಹೊಸ ಮಾಧ್ಯಮವನ್ನು ವಶಪಡಿಸಿಕೊಂಡರು.

ಚಿತ್ರಕಲೆಯನ್ನೇ ವೃತ್ತಿಯಾಗಿ ಸ್ವೀಕರಿಸುವುದು ಆ ಅಂತಸ್ತಿನ ಕುಟುಂಬದ ಯುವಕನಿಗೆ ಸಣ್ಣ ನಿರ್ಧಾರವಾಗಿರಲಿಲ್ಲ. ಹಣ ಪಡೆದು ಚಿತ್ರ ಬರೆಯುವುದು ಕುಲೀನರ ಕೆಲಸವಲ್ಲವೆಂಬ ಭಾವನೆ ಬಲವಾಗಿದ್ದ ಕಾಲ. ಆ ಸಂಧಿಕಾಲದಲ್ಲಿ ಅವರು ಮೊರೆಹೊಕ್ಕದ್ದು ಕನ್ನಡನಾಡಿನ ದೇವಿಗೆ. 1870ರಲ್ಲಿ ಕೊಡಚಾದ್ರಿಯ ತಪ್ಪಲಿನ ಕೊಲ್ಲೂರಿಗೆ ಯಾತ್ರೆ ಕೈಗೊಂಡು, ಸೌಪರ್ಣಿಕೆಯ ತಟದಲ್ಲಿ ನೆಲೆಸಿದ ಮೂಕಾಂಬಿಕೆಯ ಸನ್ನಿಧಿಯಲ್ಲಿ ನಲವತ್ತೊಂದು ದಿನಗಳ ವ್ರತ ಆಚರಿಸಿದರೆಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಮರಳುವ ದಾರಿಯಲ್ಲಿ ಕಲ್ಲಿಕೋಟೆಯ ನ್ಯಾಯಾಧಿಕಾರಿ ಕಿಳಕ್ಕೆ ಪಾಲಾಟ್ ಕೃಷ್ಣ ಮೆನನ್ ಅವರ ಕುಟುಂಬಚಿತ್ರ ಬರೆಯುವ ಅವಕಾಶ ದೊರೆಯಿತು. ಸಂಭಾವನೆ ಪಡೆದು ಬರೆದ ಅವರ ಮೊದಲ ಚಿತ್ರ ಅದೇ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಇಂದಿಗೂ ಕೇರಳ ಕರ್ನಾಟಕಗಳ ಸಹಸ್ರಾರು ಕುಟುಂಬಗಳು ಬರುವ ಆ ಕ್ಷೇತ್ರ ಒಬ್ಬ ಮಹಾನ್ ಚಿತ್ರಕಾರನಿಗೂ ವೃತ್ತಿದೀಕ್ಷೆ ಕೊಟ್ಟಿತೆನ್ನಬೇಕು.

ಅಲ್ಲಿಂದ ಮುಂದಿನದು ದಿಗ್ವಿಜಯ. 1873ರಲ್ಲಿ ಮುಡಿಗೆ ಮಲ್ಲಿಗೆ ಮುಡಿಯುತ್ತಿರುವ ನಾಯರ್ ಮಹಿಳೆಯ ಚಿತ್ರ ಮದರಾಸಿನಲ್ಲಿ ಗವರ್ನರರ ಚಿನ್ನದ ಪದಕವನ್ನೂ ವಿಯೆನ್ನಾದ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಪುರಸ್ಕಾರವನ್ನೂ ಗಳಿಸಿತು. ದುಷ್ಯಂತನಿಗೆ ಓಲೆ ಬರೆಯುತ್ತಿರುವ ಶಕುಂತಲೆಯ ಚಿತ್ರವನ್ನು ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕರೇ ಕೊಂಡರು. ಮೋನಿಯರ್ ವಿಲಿಯಮ್ಸ್ ತಮ್ಮ ಶಾಕುಂತಲ ಅನುವಾದದ ಮುಖಚಿತ್ರವಾಗಿ ಅದನ್ನು ಅಳವಡಿಸಿಕೊಂಡರು. ಬರೋಡಾದ ಸಯಾಜಿರಾವ್ ಗಾಯಕವಾಡರಿಗಾಗಿ ಪುರಾಣ ವಸ್ತುಗಳ ಹದಿನಾಲ್ಕು ಚಿತ್ರಗಳು ಸಿದ್ಧವಾದವು. 1893ರ ಷಿಕಾಗೋ ವಿಶ್ವಮೇಳಕ್ಕೆ ಭಾರತದ ವಿವಿಧ ಸಮುದಾಯಗಳ ಸ್ತ್ರೀಯರನ್ನು ಬಿಂಬಿಸುವ ಹತ್ತು ಚಿತ್ರಗಳು ತೆರಳಿ ಪದಕಗಳೊಂದಿಗೆ ಮರಳಿದವು.

ಒಂದು ಕ್ಯಾನ್ವಾಸು, ಎರಡು ಕೈ

ಮಾವನಿಂದ ಪಡೆದದ್ದನ್ನು ರವಿವರ್ಮರು ಹಂಚಲು ಆರಂಭಿಸಿದ್ದು ಮನೆಯಲ್ಲೇ. ಹನ್ನೆರಡು ವರ್ಷ ಕಿರಿಯ ತಮ್ಮ ಸಿ. ರಾಜರಾಜವರ್ಮ ಮಾವನ ಹೆಸರನ್ನೇ ಹೊತ್ತಿದ್ದರು. ಅಣ್ಣನ ಶಿಷ್ಯರಾಗಿ ಆರಂಭಿಸಿ ಸಹೋದ್ಯೋಗಿಯಾಗಿ ಬೆಳೆದ ಅವರು ಸ್ವತಃ ಭೂದೃಶ್ಯ ಚಿತ್ರಣದಲ್ಲಿ ನಿಪುಣರು. ಅಣ್ಣನ ಎಷ್ಟೋ ಚಿತ್ರಗಳ ಹಿನ್ನೆಲೆಯಲ್ಲಿ ಅವರ ಕೈಯಿದೆ. ಬರೋಡಾದ ಚಿತ್ರಮಾಲೆಗೆ ಮುನ್ನ ಉಡುಗೆ ತೊಡುಗೆ, ಆಭರಣ, ಮುಖಲಕ್ಷಣಗಳನ್ನು ಅಭ್ಯಸಿಸಲು ಸೋದರರಿಬ್ಬರೂ ದೇಶವಿಡೀ ಸಂಚರಿಸಿದರು. 1895ರಿಂದ 1904ರವರೆಗೆ ರಾಜರಾಜವರ್ಮರು ಇಂಗ್ಲಿಷಿನಲ್ಲಿ ಬರೆದಿಟ್ಟ ದಿನಚರಿ ಇಂದು ರವಿವರ್ಮರ ಬದುಕಿನ ಅತ್ಯಂತ ವಿಶ್ವಾಸಾರ್ಹ ಆಕರಗಳಲ್ಲೊಂದು.

ತಂಗಿ ಮಂಗಳಾ ಬಾಯಿಯೂ ಪ್ರತಿಭಾವಂತ ಚಿತ್ರಕಾರ್ತಿ. ಆಕೆ ಬರೆದ ಅಣ್ಣನ ಭಾವಚಿತ್ರ ಆ ಕುಟುಂಬದ ಅಮೂಲ್ಯ ಕೃತಿಗಳಲ್ಲೊಂದು. ಆದರೆ ಅರಮನೆಯ ಹೆಣ್ಣುಮಗಳಿಗೆ ದೇಶ ಸುತ್ತುವ, ರಾಜಸಭೆಗಳಲ್ಲಿ ಸ್ಪರ್ಧಿಸುವ ದಾರಿ ಆಗ ತೆರೆದಿರಲಿಲ್ಲ. ಸೋದರರ ಹೆಸರು ಜಗತ್ತು ಸುತ್ತಿದಾಗ ಆಕೆಯ ಕುಂಚ ಬಹುಮಟ್ಟಿಗೆ ಮನೆಯ ವಲಯದಲ್ಲೇ ಉಳಿಯಿತು. ಈ ಭವ್ಯ ಪರಂಪರೆಯ ಲೆಕ್ಕದಲ್ಲಿ ಸಂದಾಯವಾಗದೆ ಉಳಿದ ಬಾಕಿ ಅದು.

ಮಾವೇಲಿಕ್ಕರದ ಪತ್ನಿಯ ಮನೆಯಲ್ಲಿ ಬೆಳೆದ ಮಗ ರಾಮವರ್ಮರಿಗೆ ಕಟ್ಟಳೆಯಂತೆ ತಂದೆಯ ಕುಲದ ಆಸ್ತಿ ಸಲ್ಲುವಂತಿರಲಿಲ್ಲ. ಕಲೆ ಸಂದಿತು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಅಭ್ಯಾಸ ಮಾಡಿದ ಅವರು ತಂದೆಯ ಹೆಸರಿನಲ್ಲಿ 1915ರಲ್ಲಿ ಮಾವೇಲಿಕ್ಕರದಲ್ಲಿ ಚಿತ್ರಕಲಾ ಶಾಲೆ ಸ್ಥಾಪಿಸಿದರು. ಅದು ಇಂದು ರಾಜಾ ರವಿವರ್ಮ ಲಲಿತಕಲಾ ಕಾಲೇಜಾಗಿ ಬೆಳೆದು ಹೊಸ ತಲೆಮಾರುಗಳಿಗೆ ವಿದ್ಯೆ ಕೊಡುತ್ತಿದೆ.

ಹಿರಿಯ ಮಗಳು ಮಹಾಪ್ರಭೆ ತಂದೆಯ ಕ್ಯಾನ್ವಾಸಿನಲ್ಲೇ ಅಮರಳಾದಳು. 1893ರ 'ಅದೋ ಅಪ್ಪ ಬಂದರು' ಎಂಬ ಚಿತ್ರದಲ್ಲಿ ನಿಂತಿರುವವಳು ಆಕೆ. ಮೈಮೇಲೆ ಕೇರಳದ ಬಿಳಿಯುಡುಗೆ. ಸೊಂಟದ ಮೇಲೆ ಮಗು. ಕಾಲ ಬಳಿ ನಾಯಿ. ಚಿತ್ರದ ಚೌಕಟ್ಟಿನಾಚೆ ಬರುತ್ತಿರುವ ಯಾರನ್ನೋ ಆಕೆ ಮಗುವಿಗೆ ತೋರುತ್ತಿದ್ದಾಳೆ. ಅಪ್ಪ ಎಲ್ಲೂ ಕಾಣುವುದಿಲ್ಲ. ತಂದೆಗೆ ಮನೆಯಲ್ಲಿ ಅತಿಥಿಯ ಸ್ಥಾನವಿದ್ದ ಸಮಾಜದಲ್ಲಿ ಈ ಚಿತ್ರದ ಸಡಗರಕ್ಕೆ ಇರುವ ಅರ್ಥಗಾಂಭೀರ್ಯವನ್ನು ಕಲಾವಿಮರ್ಶಕರು ಮತ್ತೆ ಮತ್ತೆ ಚರ್ಚಿಸಿದ್ದಾರೆ.

ಕಲ್ಲಿನಿಂದ ಕಾಗದಕ್ಕೆ ಇಳಿದ ದೇವರು

ಅರಮನೆಗಳ ಗೋಡೆಗಷ್ಟೇ ಸೀಮಿತವಾಗಿದ್ದರೆ ರವಿವರ್ಮರು ಮಹಾನ್ ಆಸ್ಥಾನ ಚಿತ್ರಕಾರರಾಗಿ ಉಳಿಯುತ್ತಿದ್ದರು. ಚಿತ್ರಗಳನ್ನು ಯುರೋಪಿಗೆ ಕಳಿಸಿ ಓಲಿಯೋಗ್ರಾಫ್ ಎಂಬ ಬಣ್ಣದ ಕಲ್ಲಚ್ಚಿನ ಪ್ರತಿಗಳನ್ನು ಮಾಡಿಸಬಾರದೇಕೆ ಎಂದು ಮಾಜಿ ದಿವಾನ್ ಸರ್ ಟಿ. ಮಾಧವರಾವ್ 1884ರಲ್ಲೇ ಸೂಚಿಸಿದ್ದರು. ಸೋದರರು ಒಂದು ಹೆಜ್ಜೆ ಮುಂದೆ ಹೋಗಿ 1894ರಲ್ಲಿ ಮುಂಬಯಿಯ ಘಾಟ್ಕೋಪರದಲ್ಲಿ ಸ್ವಂತ ಮುದ್ರಣಾಲಯವನ್ನೇ ತೆರೆದರು.

ಕಲ್ಲಚ್ಚಿನ ಮುದ್ರಣ ಅಪಾರ ಶ್ರಮದ ಕಲೆ. ಚಿತ್ರದ ಪ್ರತಿಯೊಂದು ಬಣ್ಣಕ್ಕೂ ನಯಗೊಳಿಸಿದ ಒಂದೊಂದು ಸುಣ್ಣಕಲ್ಲಿನ ಫಲಕ. ಜಿಡ್ಡಿನ ಮಸಿಯಿಂದ ಆ ಬಣ್ಣ ಬೇಕಾದ ಭಾಗವನ್ನಷ್ಟೇ ಕಲ್ಲಿನ ಮೇಲೆ ಬರೆಯಬೇಕು. ಕಲ್ಲನ್ನು ನೀರಿನಿಂದ ಒದ್ದೆ ಮಾಡಿದಾಗ ಜಿಡ್ಡಿದ್ದೆಡೆ ಮಾತ್ರ ಬಣ್ಣ ಹಿಡಿಯುತ್ತದೆ. ಅದೇ ಕಾಗದ ಕಲ್ಲಿನಿಂದ ಕಲ್ಲಿಗೆ ಸಾಗಿ, ಬಣ್ಣದ ಮೇಲೆ ಬಣ್ಣ ಕುಳಿತು, ಕೊನೆಗೆ ತೈಲಚಿತ್ರದ ಹೊಳಪು ಪಡೆಯುತ್ತದೆ. ಕೂದಲೆಳೆಯಷ್ಟು ಕಾಗದ ಸರಿದರೂ ದೇವಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿದಂತೆಯೇ. ಜರ್ಮನಿಯಿಂದ ತಂತ್ರಜ್ಞರು ಬಂದರು. ಭಾರತೀಯ ಚಲನಚಿತ್ರದ ಪಿತಾಮಹ ದಾದಾಸಾಹೇಬ್ ಫಾಲ್ಕೆ ಯೌವನದಲ್ಲಿ ಈ ಮುದ್ರಣಾಲಯದ ಕೆಲಸದಲ್ಲಿ ಪಳಗಿದವರೆಂಬುದು ಇನ್ನೊಂದು ಸೋಜಿಗ.

ವ್ಯವಹಾರ ಸೋದರರ ಕೈಹಿಡಿಯಲಿಲ್ಲ. ಮುದ್ರಣಾಲಯ ಲೋಣಾವಳದ ಬಳಿಯ ಮಳವಲಿಗೆ ಸ್ಥಳಾಂತರಗೊಂಡು, ಬಳಿಕ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್ ಅವರ ಪಾಲಾಯಿತು. ಚಿತ್ರಗಳ ಪ್ರಸಾರ ಮಾತ್ರ ನಿಲ್ಲಲಿಲ್ಲ. ಜಾತಿಯ ಕಾರಣಕ್ಕೆ ದೇವಾಲಯದ ಹೊಸ್ತಿಲು ದಾಟಲಾಗದಿದ್ದ ಜನಕೋಟಿಗೆ ದೇವದರ್ಶನ ಅವರವರ ಗುಡಿಸಲಿನಲ್ಲೇ ಲಭ್ಯವಾಯಿತು. 1936ರಲ್ಲಿ ತಿರುವಾಂಕೂರಿನ ದೇಗುಲಗಳ ಬಾಗಿಲನ್ನು ಎಲ್ಲ ಹಿಂದೂಗಳಿಗೂ ತೆರೆದ ಐತಿಹಾಸಿಕ ಘೋಷಣೆಗೆ ಸಹಿ ಹಾಕಿದ ಮಹಾರಾಜ ಶ್ರೀ ಚಿತ್ತಿರ ತಿರುನಾಳ್ ಇದೇ ರವಿವರ್ಮರ ಮರಿಮಗ.

ಮೈಸೂರಿನ ಕೊನೆಯ ಮಹಾಕಾರ್ಯ

ಮೈಸೂರು ರಾಜಮನೆತನದೊಂದಿಗೆ ರವಿವರ್ಮರ ಸಂಬಂಧ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1885ರಲ್ಲೇ ಆರಂಭವಾಗಿತ್ತು. ಅವರ ಪುತ್ರ ನಾಲ್ವಡಿ ಕೃಷ್ಣರಾಜ ಒಡೆಯರು ಪುರಾಣ ವಸ್ತುಗಳ ಒಂಬತ್ತು ಚಿತ್ರಗಳಿಗೆ ಆಹ್ವಾನವಿತ್ತರು. ಆದರೆ 1905ರ ಜನವರಿಯಲ್ಲಿ ತಮ್ಮ ರಾಜರಾಜವರ್ಮ ತೀರಿಕೊಂಡರು. ದಶಕಗಳ ಕಾಲ ಜೊತೆಯಾಗಿ ದುಡಿದ ಬಲಗೈಯೇ ಕಳಚಿದಂತಾಯಿತು. ಮಧುಮೇಹದಿಂದ ಬಳಲುತ್ತಿದ್ದ ಅಣ್ಣ ಆ ದುಃಖದ ನಡುವೆಯೇ ಮೈಸೂರಿನ ಕ್ಯಾನ್ವಾಸುಗಳ ಮುಂದೆ ನಿಂತರು. ಕೌರವ ಸಭೆಯಲ್ಲಿ ರಾಯಭಾರಿಯಾಗಿ ನಿಂತ ಶ್ರೀಕೃಷ್ಣ, ಸಮುದ್ರರಾಜನ ಗರ್ವಭಂಗಕ್ಕೆ ಬಿಲ್ಲೆತ್ತಿದ ಶ್ರೀರಾಮ ಮುಂತಾದ ಚಿತ್ರಗಳು 1906ರ ಈ ಅಂತಿಮ ಕಾಲದವು. ಅದೇ ವರ್ಷದ ಅಕ್ಟೋಬರ್ 2ರಂದು ರವಿವರ್ಮರು ನಿಧನರಾದರು.

ಜಗನ್ಮೋಹನ ಅರಮನೆಯ ಶ್ರೀ ಜಯಚಾಮರಾಜೇಂದ್ರ ಕಲಾ ಗ್ಯಾಲರಿ ಈ ಚಿತ್ರಗಳ ಆಲಯ. ಅಲ್ಲಿಯೇ ಇರುವ, ಕೈಯಲ್ಲಿ ದೀಪ ಹಿಡಿದ ಯುವತಿಯ ಜಗದ್ವಿಖ್ಯಾತ ಚಿತ್ರವನ್ನು ಪ್ರವಾಸಿಗರು ರವಿವರ್ಮರದೆಂದೇ ಭಾವಿಸುವುದುಂಟು. ಅದು ಎಸ್.ಎಲ್. ಹಳದಣಕರ್ ರಚಿಸಿದ ಜಲವರ್ಣ ಕೃತಿ. ಆ ಬೆಳಕು ಬಿದ್ದಿರುವುದು ಅವರ ಸ್ವಂತ ಮಗಳ ಮುಖದ ಮೇಲೆ. ಮಹಾಪ್ರಭೆಯನ್ನು ಚಿತ್ರಿಸಿದ ತಂದೆಯ ಕೃತಿಗಳಿರುವ ಸಂಗ್ರಹದಲ್ಲಿ ಮಗಳನ್ನು ಚಿತ್ರಿಸಿದ ಮತ್ತೊಬ್ಬ ತಂದೆಗೂ ಸ್ಥಾನ ದೊರೆತಿದೆ.

ಮೊಮ್ಮಗಳ ಮೊಮ್ಮಗಳು

1900ರಲ್ಲಿ ತಿರುವಾಂಕೂರು ಅರಸುಮನೆ ರವಿವರ್ಮರ ಮೊಮ್ಮಕ್ಕಳಾದ ಸೇತು ಲಕ್ಷ್ಮೀಬಾಯಿ ಮತ್ತು ಸೇತು ಪಾರ್ವತೀಬಾಯಿಯರನ್ನು ದತ್ತು ಸ್ವೀಕರಿಸಿತು. 1924ರಿಂದ 1931ರವರೆಗೆ ರಾಜಪ್ರತಿನಿಧಿಯಾಗಿ ರಾಜ್ಯಭಾರ ನಡೆಸಿದ ಸೇತು ಲಕ್ಷ್ಮೀಬಾಯಿಯವರ ಆಡಳಿತದಲ್ಲೇ, 1925ರಲ್ಲಿ, ನಾಯರ್ ಸಮುದಾಯದ ಮರುಮಕ್ಕತ್ತಾಯದ ಕಟ್ಟನ್ನು ಸಡಿಲಿಸಿ ಮಕ್ಕಳಿಗೂ ಉತ್ತರಾಧಿಕಾರದ ಹಕ್ಕು ಕೊಟ್ಟ ಕಾಯಿದೆ ಬಂತು. ಅಜ್ಜನ ಕಲೆ ಹಿಂದೆಯೇ ಮುರಿದಿದ್ದ ಗೋಡೆಯನ್ನು ಮೊಮ್ಮಗಳ ಸರ್ಕಾರ ಕಾನೂನಿನಲ್ಲಿ ಮುರಿದಂತಾಯಿತು.

ಸ್ವಾತಂತ್ರ್ಯಾನಂತರ ಈ ಮಹಾರಾಣಿ ರಾಜವೈಭವವನ್ನು ಹಿಂದೆ ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿ, 1985ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಬಾಳಿದರು. ಅವರ ಮೊಮ್ಮಗಳು ರುಕ್ಮಿಣಿ ವರ್ಮ ಬೆಂಗಳೂರನ್ನೇ ಕರ್ಮಭೂಮಿಯಾಗಿಸಿಕೊಂಡ ಹೆಸರಾಂತ ಚಿತ್ರಕಾರ್ತಿ. ಅವರ ಪುತ್ರ ಜಯ್ ವರ್ಮರೂ ಕುಂಚ ಹಿಡಿದವರು. ಮಂಗಳಾ ಬಾಯಿಗೆ ದಕ್ಕದ ಸಾರ್ವಜನಿಕ ವೇದಿಕೆ ಅದೇ ಪರಂಪರೆಯ ಇನ್ನೊಬ್ಬ ಹೆಣ್ಣುಮಗಳಿಗೆ ದಕ್ಕಿತೆಂಬುದು ಸಮಾಧಾನದ ಸಂಗತಿ. 2015ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಜಾ ರವಿವರ್ಮ ಹೆರಿಟೇಜ್ ಫೌಂಡೇಶನ್ ಮೂಲಕೃತಿಗಳ ದಾಖಲೀಕರಣ ಮತ್ತು ಸಂರಕ್ಷಣೆಯಲ್ಲಿ ತೊಡಗಿದೆ.

ಇಂದಿನ ಸ್ಥಿತಿ

ಆನಂದ ಕುಮಾರಸ್ವಾಮಿಯಂಥ ವಿದ್ವಾಂಸರು ರವಿವರ್ಮರ ಚಿತ್ರಗಳಲ್ಲಿ ನಾಟಕೀಯತೆಯನ್ನೂ ಪಾಶ್ಚಾತ್ಯ ಅನುಕರಣೆಯನ್ನೂ ಕಂಡು ಕಟುವಾಗಿ ಟೀಕಿಸಿದ್ದರು. ಕಾಲ ಬೇರೆ ತೀರ್ಪು ಕೊಟ್ಟಿದೆ. 1979ರಲ್ಲಿ ಭಾರತ ಸರ್ಕಾರ ಅವರ ಕೃತಿಗಳನ್ನು ರಾಷ್ಟ್ರೀಯ ಕಲಾನಿಧಿಯೆಂದು ಘೋಷಿಸಿ ದೇಶದಿಂದ ಹೊರಗೆ ಮಾರುವುದನ್ನು ನಿಷೇಧಿಸಿತು. 2013ರಲ್ಲಿ ಬುಧ ಗ್ರಹದ ಒಂದು ಕುಳಿಗೆ ಅವರ ಹೆಸರಿಡಲಾಯಿತು. 2023ರಲ್ಲಿ 'ಯಶೋದಾ ಮತ್ತು ಕೃಷ್ಣ' ಚಿತ್ರ ಹರಾಜಿನಲ್ಲಿ 38 ಕೋಟಿ ರೂಪಾಯಿಗೆ ಮಾರಾಟವಾಯಿತು. ಅದೇ ವರ್ಷ ತಿರುವನಂತಪುರದಲ್ಲಿ ಅವರ ಹೆಸರಿನ ಹೊಸ ಕಲಾ ಗ್ಯಾಲರಿ ಉದ್ಘಾಟನೆಗೊಂಡಿತು. ಮಳವಲಿಯ ಮುದ್ರಣಾಲಯ ಮಾತ್ರ 1972ರ ಅಗ್ನಿ ಅವಘಡದಲ್ಲಿ ನಾಶವಾಗಿ ಅಸಂಖ್ಯ ಪ್ರತಿಗಳೂ ಕಲ್ಲುಗಳೂ ಕೈತಪ್ಪಿದವು. ಹಳೆಯ ಮನೆಗಳ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವ ಗಾಜಿನ ಚೌಕಟ್ಟಿನ ಪಟಗಳಿಗೆ ಹೀಗಾಗಿ ಐತಿಹಾಸಿಕ ಮೌಲ್ಯ ಬಂದಿದೆ. ಅವನ್ನು ಗುಜರಿಗೆ ಹಾಕುವ ಮುನ್ನ ಬಲ್ಲವರಿಗೆ ತೋರಿಸುವುದು ವಿವೇಕ.

ರವಿವರ್ಮರು ಭಾರತಕ್ಕೆ ಕೊಟ್ಟದ್ದರ ಬೆಲೆ ಕಟ್ಟುವವರು ಅವರ ಸೋದರಮಾವ ಕೊಟ್ಟದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಮಾವನ ಸ್ವಂತ ಚಿತ್ರಗಳನ್ನು ಬಲ್ಲವರು ಇಂದು ವಿರಳ. ಅವರು ಹಚ್ಚಿದ ಕಲೆಯ ಗೀಳು ಐದಾರು ತಲೆಮಾರು ದಾಟಿ ಬಂದಿದೆ. ಮೈಸೂರಿಗೆ ಪ್ರವಾಸ ಹೊರಡುವ ಕುಟುಂಬಗಳು ದೊಡ್ಡ ಅರಮನೆ, ಮೃಗಾಲಯಗಳ ಜೊತೆಗೆ ಜಗನ್ಮೋಹನಕ್ಕೂ ಅರ್ಧ ದಿನ ಮೀಸಲಿಡಬೇಕು. ಮಕ್ಕಳನ್ನು ಕರೆದೊಯ್ಯುವ ಹೊಣೆಯನ್ನು ಮನೆಯ ಸೋದರಮಾವಂದಿರೂ ಚಿಕ್ಕಮ್ಮಂದಿರೂ ವಹಿಸಿಕೊಂಡರೆ ಅದಕ್ಕಿಂತ ಯೋಗ್ಯ ಉಡುಗೊರೆ ಇನ್ನೊಂದಿಲ್ಲ.